ಸಾಫ್ಟ್‌ವೇರ್ ಕಲಿಯೋಕೆ ಯೂನಿವರ್ಸಿಟಿ ಬೇಡ, ಒಪ್ತೀನಿ. ಆದ್ರೆ ಕೇಳೋದು ಕಲಿಯೋಕೆ?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೇಲಿ ಒಬ್ರು ತಂದೆ ಬರೆದಿದ್ದ ಪತ್ರ ಓದಿದೆ. ಮಗಳು ಡಿಜಿಟಲ್ ಸೌಂಡ್ ಡಿಸೈನು, ಎಲೆಕ್ಟ್ರಾನಿಕ್ ಮ್ಯೂಸಿಕ್ಕು ಅಂತ ಡಿಗ್ರಿ ಮಾಡ್ತೀನಿ ಅಂತ ಹಠ ಹಿಡಿದು ಕೂತಿದ್ದಾಳೆ, ಲ್ಯಾಪ್‌ಟಾಪ್ ಒಂದಿದ್ರೆ ಆಯ್ತು, ಮಿಕ್ಕಿದ್ದೆಲ್ಲ ಯೂಟ್ಯೂಬಲ್ಲಿ ಬಿಟ್ಟಿ ಸಿಗುತ್ತೆ, ಬಟನ್ ಒತ್ತೋದು ಕಲಿಯೋಕೆ ಮೂರ್ನಾಲ್ಕು ವರ್ಷ ಯಾಕ್ರೀ ಬೇಕು, ಅದೂ ಈಗ ಎಐ ಬಂದು ನಾಲ್ಕು ಸಾಲು ಟೈಪ್ ಮಾಡಿದ್ರೆ ಹಾಡೇ ಕೊಡ್ತಿರೋವಾಗ ಅಂತ ಅವ್ರು ಕೇಳಿದ್ರು. ನಾನು ಅದೇ ಡಿಗ್ರಿ ಮಾಡಿರೋ ಪ್ರಾಣಿ. ಪತ್ರ ಓದಿ ಮೊದ್ಲು ಸಿಟ್ಟು ಬಂತು, ಆಮೇಲೆ ಎರಡನೇ ಸಲ ಓದಿದಾಗ ಅವ್ರು ಹೇಳಿದ್ರಲ್ಲಿ ಅರ್ಧ ನಿಜ ಅಂತಾನೂ ಅನ್ನಿಸ್ತು, ಅದಕ್ಕೇ ಈ ಉದ್ದದ ಪತ್ರ. ಜಾಗ ಇಲ್ಲದಿದ್ರೆ ಕತ್ತರಿಸಿ ಹಾಕಿ, ಬೇಜಾರಿಲ್ಲ, ಕತ್ತರಿಸೋದೇ ನನ್ನ ಕೆಲಸ ಕೂಡ.

ಅವ್ರು ಹೇಳಿದ ಅರ್ಧ ನಿಜ ಯಾವ್ದು ಅಂದ್ರೆ ಸಾಫ್ಟ್‌ವೇರ್ ಕಲಿಯೋಕೆ ಯೂನಿವರ್ಸಿಟಿ ಖಂಡಿತ ಬೇಡ. ನಾನು ಸೇರಿದ ಮೊದಲನೇ ಸೆಮಿಸ್ಟರಲ್ಲಿ ಒಬ್ಬ ಮೇಷ್ಟ್ರು ಪೂರ್ತಿ ಹದಿನಾಲ್ಕು ವಾರ ಒಂದೇ ಸಾಫ್ಟ್‌ವೇರಿನ ಮೆನುಗಳನ್ನ ಸ್ಲೈಡಲ್ಲಿ ತೋರಿಸ್ತಾ ಕೂತ್ರು, ಫೈಲ್ ಮೆನುವಿನಲ್ಲಿ ಏನಿದೆ, ಎಡಿಟ್ ಮೆನುವಿನಲ್ಲಿ ಏನಿದೆ, ಆಮೇಲೆ ಅದನ್ನೇ ಪರೀಕ್ಷೇಲಿ ಬರೆಸಿದ್ರು. ಸ್ಪೀಕರ್ ಆನ್ ಮಾಡದೇ ಸೌಂಡ್ ಪಾಠ! ನಾನು ಎರಡನೇ ವರ್ಷಕ್ಕೆ ಬರೋ ಹೊತ್ತಿಗೆ ಆ ಸಾಫ್ಟ್‌ವೇರಿನ ಹೊಸ ವರ್ಷನ್ ಬಂದು ಅರ್ಧ ಮೆನು ಜಾಗ ಬದಲಾಯಿಸಿತ್ತು, ಅಲ್ಲಿಗೆ ಆ ಹದಿನಾಲ್ಕು ವಾರ ನೀರಲ್ಲಿ ಹೋಮ. ಅಂಥ ಕೋರ್ಸ್ ಆದ್ರೆ ತಂದೆಯವ್ರು ಹೇಳಿದ್ದು ಸರಿ, ಸೇರಿಸ್ಬೇಡಿ, ಮನೇಲಿ ಕೂತು ಕಲಿಲಿ.

ಆದ್ರೆ ಅದೇ ವರ್ಷ ಇನ್ನೊಬ್ಬ ಮೇಡಂ ಇದ್ರು. ಅವ್ರ ಮೊದಲನೇ ಕ್ಲಾಸಲ್ಲಿ ಕಂಪ್ಯೂಟರೇ ಇರ್ಲಿಲ್ಲ. ಒಂದು ಸದ್ದು ಪ್ಲೇ ಮಾಡಿ, ಇದು ಏನು ಅಂತ ಹೇಳ್ಬೇಡಿ, ಹೇಗಿದೆ ಅಂತ ಹೇಳಿ ಅಂದ್ರು. ಬಾಗಿಲು ಅನ್ನೋ ಹಾಗಿಲ್ಲ, ತುಕ್ಕು ಅನ್ನೋ ಹಾಗಿಲ್ಲ, ಹಳೇ ಮನೆ, ಭೂತ, ಏನೂ ಅನ್ನೋ ಹಾಗಿಲ್ಲ. ಇಡೀ ಕ್ಲಾಸ್ ಗಪ್‌ಚುಪ್. ಸದ್ದು ಹೇಗಿದೆ ಅಂತ ಹೇಳೋಕೆ ನಮ್ಮ ಹತ್ರ ಮಾತೇ ಇಲ್ಲ ಅಂತ ಆಗ ಗೊತ್ತಾಯ್ತು, ಎಲ್ಲಾ ಸದ್ದನ್ನೂ ಅದು ಹುಟ್ಟಿದ ವಸ್ತುವಿನ ಹೆಸರಲ್ಲೇ ಕರೀತೀವಿ. ಕೊನೆಗೆ ನಾನು ತಡೀಲಾರದೆ "ಕಿರ್ರ್ರ್ರ್... ಅಂತ ಎಳ್ಕೊಂಡು ಹೋಗಿ ಧಡ್ ಅಂತ ನಿಲ್ಲುತ್ತೆ ಮೇಡಂ" ಅಂದೆ. ಎಲ್ಲ ನಕ್ಕರು. ಅವ್ರು ನಗ್ಲಿಲ್ಲ, ಬೋರ್ಡ್ ಮೇಲೆ ಅದನ್ನೇ ಬರೆದು, ಇನ್ನೂ ಹೇಳು ಅಂದ್ರು.

ಆವತ್ತು ಶುರುವಾಗಿದ್ದು ನನಗೆ ಇವತ್ತಿಗೂ ಬಿಟ್ಟಿಲ್ಲ. ಸುಮ್ನೆ ನೀವೇ ಬಾಯಲ್ಲಿ ಅಂದು ನೋಡಿ, ಟಪ್ ಅಂತ. ಕೊನೇಲಿ ತುಟಿ ಮುಚ್ಚುತ್ತೆ, ಸದ್ದು ಅಲ್ಲೇ ಸತ್ತು ಹೋಗುತ್ತೆ, ಬಾಲ ಇಲ್ಲ. ಈಗ ಟಣ್ ಅನ್ನಿ, ಮೂಗಲ್ಲಿ ಉಳ್ಕೊಳ್ಳುತ್ತೆ, ಅದಕ್ಕೇ ಲೋಹಕ್ಕೆ ಟಣ್ ಅಂತೀವಿ, ಮರಕ್ಕೆ ಟಕ್ ಅಂತೀವಿ. ಕಿಣಿಕಿಣಿ ಅಂದ್ರೆ ಸಣ್ಣ ಗಂಟೆ, ಘಣಘಣ ಅಂದ್ರೆ ದೊಡ್ಡದು, ಇದನ್ನ ಯಾರೂ ನಮಗೆ ಹೇಳಿಕೊಟ್ಟಿಲ್ಲ, ಆದ್ರೂ ಯಾರೂ ಅದಲುಬದಲು ಮಾಡಲ್ಲ. ಯಾಕಪ್ಪ ಅಂದ್ರೆ 'ಇ' ಅಂದಾಗ ಬಾಯೊಳಗಿನ ಎರಡನೇ ಅನುರಣನ, ಫಾರ್ಮೆಂಟ್ ಅಂತೀವಲ್ಲ ಅದು, 2000 ಹರ್ಟ್ಜ್‌ಗಿಂತ ಮೇಲೆ ಹೋಗುತ್ತೆ, 'ಉ' ಅಂದಾಗ ಸಾಮಾನ್ಯವಾಗಿ 1000ಕ್ಕಿಂತ ಕೆಳಗೆ ಬರುತ್ತೆ, ಹಾಗಾಗಿ ಗುಡುಗುಡು ದಪ್ಪ, ಕಿಚಿಕಿಚಿ ತೆಳ್ಳಗೆ. ಸಿಂಥಸೈಜರಲ್ಲಿ (ಸದ್ದನ್ನ ಕರೆಂಟಲ್ಲೇ ಹುಟ್ಟಿಸೋ ವಾದ್ಯ, ನಾವು ಸಿಂಥ್ ಅಂತೀವಿ) ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಅಂತ ನಾಲ್ಕು ಗುಂಡಿ ಇರುತ್ತೆ, ಸದ್ದು ಎಷ್ಟು ಬೇಗ ಏಳ್ಬೇಕು, ಎಷ್ಟು ಬೇಗ ಇಳೀಬೇಕು, ಯಾವ ಮಟ್ಟದಲ್ಲಿ ನಿಲ್ಬೇಕು, ಕೈ ಬಿಟ್ಟ ಮೇಲೆ ಎಷ್ಟು ಹೊತ್ತು ಉಳೀಬೇಕು ಅಂತ, ಟಪ್ಪು ಟಣ್ಣು ಗುಂಯ್ಯು ಸುಯ್ಯು ಇವುಗಳ ಏಳೋದು ಬೀಳೋದೆಲ್ಲ ಆ ನಾಲ್ಕು ಗುಂಡಿಗಳ ಬೇರೆ ಬೇರೆ ಸೆಟ್ಟಿಂಗು ಅಷ್ಟೇ. ಶಾಲೇಲಿ ಅನುಕರಣಾವ್ಯಯ ಅಂತ ವ್ಯಾಕರಣ ಪುಸ್ತಕದಲ್ಲಿ ಓದಿ ಎರಡು ಮಾರ್ಕ್ಸಿಗೆ ಉದಾಹರಣೆ ಬರೆದು ಮರೆತಿದ್ದು ಇಲ್ಲಿ ಬಂದು ಎದುರಿಗೆ ನಿಂತಿತ್ತು. ಕ್ಲಾಸಲ್ಲಿ ಐದಾರು ಭಾಷೆಯವ್ರು ಇದ್ರು, ಆ ವಾರ ಎಲ್ಲರೂ ತಮ್ಮ ತಮ್ಮ ಭಾಷೇಲಿ ಇಂಥ ಪದಗಳನ್ನ ಗುಡ್ಡೆ ಹಾಕ್ಕೊಂಡು ಬಂದ್ರು, ಅದೊಂದು ದೊಡ್ಡ ಗಲಾಟೆ.

ಆಮೇಲೆ ಮೇಡಂ ಹೇಳಿದ್ರು, ಈ ಆಟ ನನ್ನದಲ್ಲ ಅಂತ. ಪಿಯರ್ ಷೆಫರ್ ಅಂತ ಪ್ಯಾರಿಸ್ಸಿನ ರೇಡಿಯೋದಲ್ಲಿ ಇದ್ದ ಇಂಜಿನಿಯರ್, 1948ರಲ್ಲಿ ರೈಲಿನ ಸದ್ದು ರೆಕಾರ್ಡ್ ಮಾಡಿ ಅದನ್ನೇ ಕೂಡಿಸಿ ಕಳೆದು ಸಂಗೀತ ಮಾಡಿದ್ರು, ಆಗ ಅವರ ಕೈಲಿ ಟೇಪ್ ಕೂಡ ಇರ್ಲಿಲ್ಲ, ಡಿಸ್ಕ್ ಮೇಲೇ ಮಾಡ್ಬೇಕಿತ್ತು. ಸದ್ದು ಎಲ್ಲಿಂದ ಬಂತು ಅನ್ನೋದನ್ನ ಮರೆತು ಸದ್ದನ್ನ ಸದ್ದಾಗಿ ಮಾತ್ರ ಕೇಳಿ ಅನ್ನೋದು ಅವರ ವಾದ. ಅವ್ರು ಮಾಡಿದ ಒಂದು ಪ್ರಯೋಗವನ್ನ ಮೇಡಂ ನಮ್ಮ ಕೈಲೂ ಮಾಡಿಸಿದ್ರು. ಗಂಟೆ ಹೊಡೆದ ಸದ್ದು ತಗೊಂಡು ಮೊದಲಿನ ಆ ಹೊಡೆತ ಇದೆಯಲ್ಲ, ಸೆಕೆಂಡಿನ ಒಂದು ಸಣ್ಣ ಚೂರು, ಅಷ್ಟನ್ನ ಮಾತ್ರ ಕತ್ತರಿಸಿ ಬಿಸಾಕಿ ಉಳಿದಿದ್ದು ಪ್ಲೇ ಮಾಡ್ಬೇಕು. ಗಂಟೆ ಮಾಯ! ಯಾರೋ ಊದೋ ವಾದ್ಯ ನುಡಿಸಿದ ಹಾಗೆ ಕೇಳುತ್ತೆ. ಇದನ್ನ ಮಾಡೋಕೆ ಬಿಟ್ಟಿ ಸಿಗೋ ಅಡಾಸಿಟಿ ಅನ್ನೋ ಸಾಫ್ಟ್‌ವೇರ್ ಸಾಕು, ಐದು ನಿಮಿಷದ ಕೆಲಸ, ಯೂಟ್ಯೂಬಲ್ಲೂ ಇರಬಹುದು. ಆದ್ರೆ ಹುಡುಕೋಕೆ ಮೊದಲು ಇಂಥದೊಂದು ಇದೆ ಅಂತ ಗೊತ್ತಿರ್ಬೇಕಲ್ಲ ಸ್ವಾಮಿ? ನಾನು ಸೇರೋಕೆ ಮುಂಚೆ ಯೂಟ್ಯೂಬಲ್ಲಿ ಹುಡುಕ್ತಿದ್ದಿದ್ದು ಬಾಸ್ ಜೋರಾಗಿ ಮಾಡೋದು ಹೇಗೆ, ಇಂಥವರ ಹಾಡಿನ ಥರ ಸೌಂಡ್ ಬರೋದು ಹೇಗೆ, ಇಷ್ಟೇ. ನನಗೆ ಬೇಕು ಅಂತ ನನಗೇ ಗೊತ್ತಿಲ್ಲದ್ದನ್ನ ಯಾವ ಸರ್ಚ್ ಬಾಕ್ಸಲ್ಲಿ ಟೈಪ್ ಮಾಡ್ಲಿ?

ಇನ್ನು ಬಟನ್ ಒತ್ತೋದು ಅನ್ನೋ ಮಾತು. ಎರಡನೇ ವರ್ಷ ನಮಗೆ ಪ್ಯೂರ್ ಡೇಟಾ ಅನ್ನೋ ಪ್ರೋಗ್ರಾಂ ಕೊಟ್ಟು ಕೂರಿಸಿದ್ರು. ಮಿಲ್ಲರ್ ಪಕೆಟ್ ಅನ್ನೋರು 1990ರ ದಶಕದಲ್ಲಿ ಮಾಡಿದ್ದು, ಬಿಟ್ಟಿ, ತೆರೆದ್ರೆ ಬಿಳೀ ಹಾಳೆ. ಗುಂಡಿ ಇಲ್ಲ, ಕೀಬೋರ್ಡ್ ಇಲ್ಲ, ರೆಡಿಮೇಡ್ ಸದ್ದು ಒಂದೂ ಇಲ್ಲ. ಸದ್ದಿನ ಅಲೆ ಹುಟ್ಟಿಸೋ ಒಂದು ಆಸಿಲೇಟರ್ ಡಬ್ಬಿ ಹಾಕಿ, ಅದಕ್ಕೆ ನಂಬರ್ ಕೊಟ್ಟು, ದಾರ ಎಳೆದು ಸ್ಪೀಕರ್ ಡಬ್ಬಿಗೆ ಸೇರಿಸಿದ್ರೆ ಪೀಂ... ಅಂತ ಒಂದು ಸದ್ದು, ಅದೂ ನಿಲ್ಲೋದೇ ಇಲ್ಲ, ನಿಲ್ಲಿಸೋದನ್ನೂ ನಾವೇ ಕಟ್ಬೇಕು. ಬೇರೆ ಸಾಫ್ಟ್‌ವೇರಲ್ಲಿ ಒಂದು ಕ್ಲಿಕ್ಕಿಗೆ ಬರೋ ಸದ್ದು ಕಟ್ಟೋಕೆ ನನಗೆ ಎರಡು ವಾರ ಹಿಡೀತು, ಮೂರು ಸಲ ಹೆಡ್‌ಫೋನಲ್ಲಿ ಸಿಡಿಲು ಹೊಡೆದ ಹಾಗೆ ಸದ್ದು ಬಂದು ಕಿವಿ ಕಿತ್ತು ಹೋಯ್ತು ಅನ್ಕೊಂಡೆ (ಹೊಸಬರಿಗೆ ಒಂದು ಮಾತು, ಪ್ಯೂರ್ ಡೇಟಾದಲ್ಲಿ ಹೆಡ್‌ಫೋನ್ ಹಾಕ್ಕೊಂಡು ದಾರ ಎಳೀಬೇಡಿ, ಮೊದ್ಲು ವಾಲ್ಯೂಮ್ ಇಳಿಸಿ). ತುಂಬಾ ಬೈಕೊಂಡಿದ್ದೆ ಆ ಸಬ್ಜೆಕ್ಟನ್ನ. ಆದ್ರೆ ಅದು ಮುಗಿದ ಮೇಲೆ ಯಾವ ಸಿಂಥ್ ತೆರೆದ್ರೂ ಭಯ ಇಲ್ಲ, ಮೇಲೆ ಎಷ್ಟೇ ಬಣ್ಣ ಬಳಿದಿರ್ಲಿ ಒಳಗೆ ಅದೇ ಆಸಿಲೇಟರು, ಬೇಡದ ಕಂಪನ ಸೋಸೋ ಅದೇ ಫಿಲ್ಟರು, ಆ ನಾಲ್ಕು ಗುಂಡಿಗಳ ಅದೇ ಎನ್ವಲಪ್ಪು.

ಅಲ್ಲೇ ಗೊತ್ತಾಗಿದ್ದು ಗಣಿತ ಯಾಕೆ ಬೇಕು ಅಂತ. ನನ್ನ ಸಿಂಥ್ ಕೆಳಗಿನ ಸ್ವರಕ್ಕೆ ಚೆನ್ನಾಗಿ ಕೇಳ್ತಿತ್ತು, ಮೇಲೆ ಹೋದಂಗೆ ಹಿಂದೆ ಯಾರೋ ಅಪಸ್ವರದಲ್ಲಿ ಶಿಳ್ಳೆ ಹಾಕ್ದಂಗೆ ಏನೋ ಸೇರ್ಕೊಳ್ತಿತ್ತು. ನಾನು ಸ್ಪೀಕರ್ ಕೆಟ್ಟಿದೆ ಅಂತ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಏನೂ ಆಗ್ಲಿಲ್ಲ. ವಿಷಯ ಏನು ಅಂದ್ರೆ ಸಿಡಿ ಲೆಕ್ಕದಲ್ಲಿ ಕಂಪ್ಯೂಟರ್ ಸೆಕೆಂಡಿಗೆ 44,100 ಸಲ ಸದ್ದನ್ನ ಅಳೆಯುತ್ತೆ, ಅದರ ಅರ್ಧ ಅಂದ್ರೆ 22,050 ಹರ್ಟ್ಜ್‌ವರೆಗೆ ಮಾತ್ರ ಸರಿಯಾಗಿ ಹಿಡಿಯೋಕೆ ಆಗೋದು. ಅದಕ್ಕಿಂತ ಮೇಲಿನದನ್ನ ಹುಟ್ಟಿಸೋಕೆ ಹೋದ್ರೆ ಅದು ಮಾಯ ಆಗಲ್ಲ, ಗೋಡೆಗೆ ಬಡಿದ ಚೆಂಡಿನ ಥರ ವಾಪಸ್ ಬರುತ್ತೆ. 30,000 ಹರ್ಟ್ಜ್ ಕೇಳಿದ್ರೆ 14,100 ಆಗಿ ಬಂದು ಕೂರುತ್ತೆ, ನಮ್ಮ ಸ್ವರಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ. ಸಿನಿಮಾದಲ್ಲಿ ಜೋರಾಗಿ ತಿರುಗೋ ಚಕ್ರ ಹಿಂದಕ್ಕೆ ತಿರುಗ್ದಂಗೆ ಕಾಣುತ್ತಲ್ಲ, ಅದೇ ಕಥೆ. ಇದರ ಹಿಂದಿನ ಲೆಕ್ಕ ನೈಕ್ವಿಸ್ಟ್ 1928ರಲ್ಲಿ, ಶಾನನ್ 1949ರಲ್ಲಿ ಬರೆದಿದ್ದು, ಇಬ್ಬರೂ ಸಂಗೀತದವ್ರಲ್ಲ, ಸಂದೇಶ ಕಳಿಸೋ ತಂತ್ರದ ಮೇಲೆ ಕೆಲಸ ಮಾಡ್ತಿದ್ದವ್ರು. ಸ್ಕೂಲಲ್ಲಿ ಸೈನು ಕೊಸೈನು ಅಂದ್ರೆ ಓಡ್ತಿದ್ದ ನಾನು ಆ ರಾತ್ರಿ ಕೂತು ಅಷ್ಟೂ ಓದಿದೆ, ಯಾಕಂದ್ರೆ ಈ ಸಲ ಗಣಿತ ಕಿವಿಗೆ ಚುಚ್ತಾ ಇತ್ತು.

ಹಾಗಂತ ಇದು ಗಣಿತದವರ ಕೋರ್ಸ್ ಅಂತ ಅನ್ಕೋಬೇಡಿ. ಜಾನ್ ಚೌನಿಂಗ್ ಅವರ ಕಥೆ ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಬಾಯಿಪಾಠ. ಅವ್ರು ಇಂಜಿನಿಯರ್ ಅಲ್ಲ, ಸಂಗೀತ ರಚನೆ ಮಾಡ್ತಿದ್ದೋರು, 1967ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಂಪ್ಯೂಟರ್ ಜೊತೆ ಆಟ ಆಡ್ತಾ ಸ್ವರವನ್ನ ನಡುಗಿಸೋ ವೇಗ ಹೆಚ್ಚಿಸ್ತಾ ಹೋದ್ರು. ನಿಧಾನಕ್ಕೆ ನಡುಗಿಸಿದ್ರೆ ಅದು ಹಾಡುಗಾರರ ಕಂಪನದ ಥರ ಕೇಳುತ್ತೆ. ಇನ್ನೂ ಜೋರು ಮಾಡ್ತಾ ಮಾಡ್ತಾ ಒಂದು ಹಂತ ದಾಟಿದ ಮೇಲೆ ನಡುಕ ಕೇಳೋದು ನಿಂತು ಸ್ವರದ ಬಣ್ಣಾನೇ ಬದಲಾಯ್ತು, ಗಂಟೆ, ತುತ್ತೂರಿ, ಏನೇನೋ ಹುಟ್ಕೊಂಡ್ವು. ಅವ್ರು ಅದನ್ನ ಮೊದ್ಲು ಕಿವೀಲಿ ಹಿಡಿದ್ರು, ಲೆಕ್ಕ ಆಮೇಲೆ ಬಂತು. ಅದೇ ಎಫ್‌ಎಂ ಸಿಂಥಸಿಸ್, ಯಮಹಾದವ್ರು ಲೈಸೆನ್ಸ್ ತಗೊಂಡು 1983ರಲ್ಲಿ ಡಿಎಕ್ಸ್7 ಅನ್ನೋ ಸಿಂಥಸೈಜರ್ ತಂದ್ರು, ಆ ದಶಕದ ಪಾಪ್ ಹಾಡುಗಳಲ್ಲಿ ಕೇಳೋ ಗಾಜಿನಂಥ ಎಲೆಕ್ಟ್ರಿಕ್ ಪಿಯಾನೋ ಸದ್ದು ಎಷ್ಟೋ ಕಡೆ ಅದರದ್ದೇ. ತಮಾಷೆ ಅಂದ್ರೆ ಈ ನಡುವೆ ಯೂನಿವರ್ಸಿಟಿ ಚೌನಿಂಗ್ ಅವರಿಗೆ ಕಾಯಂ ಕೆಲಸ ಕೊಡದೆ ಕಳಿಸಿತ್ತು, ಆಮೇಲೆ ಅವರನ್ನೇ ವಾಪಸ್ ಕರ್ಕೊಂಡು ಬಂದ್ರು, ಕೊನೆಗೆ ಆ ಪೇಟೆಂಟು ಆ ಯೂನಿವರ್ಸಿಟಿಗೆ ಒಳ್ಳೇ ಆದಾಯ ತಂದ ಪೇಟೆಂಟುಗಳಲ್ಲಿ ಒಂದಾಯ್ತು. ಅಂದ್ರೆ ಇದರಿಂದ ಏನುಪಯೋಗ ಅನ್ನೋ ಪ್ರಶ್ನೆ ಅಪ್ಪಂದಿರು ಮಾತ್ರ ಕೇಳೋದಲ್ಲ, ಯೂನಿವರ್ಸಿಟಿಗಳೂ ಕೇಳಿ ತಪ್ಪು ಉತ್ತರ ಹೇಳಿದಾವೆ.

ಈಗ ನಿಜವಾಗ್ಲೂ ಮನೇಲಿ ಕೂತು ಕಲಿಯೋಕೆ ಆಗದೇ ಇರೋದಕ್ಕೆ ಬರ್ತೀನಿ, ಅದು ವಿಮರ್ಶೆ ಕ್ಲಾಸು. ಪ್ರತಿ ಶುಕ್ರವಾರ ಹನ್ನೆರಡು ಜನ, ನಾಲ್ಕು ದೊಡ್ಡ ಸ್ಪೀಕರು, ಲೈಟ್ ಆರಿಸಿ ಒಬ್ಬೊಬ್ರು ಮಾಡಿದ್ದನ್ನ ಪ್ಲೇ ಮಾಡೋದು. ಪ್ಲೇ ಮಾಡೋಕೆ ಮುಂಚೆ ಮಾತಾಡೋ ಹಾಗಿಲ್ಲ, ಇದು ಇನ್ನೂ ಮುಗಿದಿಲ್ಲ, ನಿನ್ನೆ ರಾತ್ರಿ ನಿದ್ದೆ ಇಲ್ಲದೆ ಮಾಡಿದ್ದು, ಹಾಗೆ ಹೀಗೆ ಅನ್ನೋ ಹಾಗಿಲ್ಲ. ನಾನು ಒಂದ್ಸಲ ನಲವತ್ತು ಟ್ರ್ಯಾಕ್, ಅಂದ್ರೆ ಒಂದರ ಮೇಲೊಂದು ನಲವತ್ತು ಸದ್ದಿನ ಪದರ ಹಾಕಿ ಮೂರು ನಿಮಿಷದ ಪೀಸ್ ಮಾಡಿದ್ದೆ, ಎದೆ ಉಬ್ಬಿಸ್ಕೊಂಡು ಹೋಗಿ ಪ್ಲೇ ಮಾಡಿದೆ. ಮೇಡಂ ಏನೂ ಹೇಳ್ದೆ ನನ್ನ ಲ್ಯಾಪ್‌ಟಾಪ್ ಮುಂದೆ ಕೂತು ಮತ್ತೆ ಮೊದಲಿಂದ ಪ್ಲೇ ಮಾಡಿ, ಒಂದೊಂದೇ ಟ್ರ್ಯಾಕ್ ಮ್ಯೂಟ್ ಮಾಡ್ತಾ ಹೋದ್ರು. ಏನಾದ್ರೂ ಕಡಿಮೆ ಆದ್ರೆ ಕೈ ಎತ್ತಿ ಅಂದ್ರು ಎಲ್ಲರಿಗೂ. ಹತ್ತು ಹೋಯ್ತು, ಇಪ್ಪತ್ತು ಹೋಯ್ತು, ಮೂವತ್ತು ಹೋಯ್ತು, ಒಂದು ಕೈ ಮೇಲೆ ಏಳ್ಲಿಲ್ಲ. ಆರು ಟ್ರ್ಯಾಕ್ ಉಳಿದಾಗ ಒಬ್ಬಳು ಕೈ ಎತ್ತಿದ್ಲು. ಮೇಡಂ ಸೇವ್ ಒತ್ತಿ ಎದ್ದು ಹೋದ್ರು. ನೆಲ ಬಾಯಿ ಬಿಡಬಾರ್ದಾ ಅನ್ನಿಸ್ತು ಆಗ. ಆ ಆರು ಟ್ರ್ಯಾಕಿನ ಪೀಸೇ ಇವತ್ತಿಗೂ ನನ್ನ ಪೋರ್ಟ್‌ಫೋಲಿಯೋದಲ್ಲಿ ಮೊದಲಿರೋದು.

ಇನ್ನೊಂದು ಅವಮಾನ ಇದಕ್ಕಿಂತ ಜೋರು. ಸಿಂಥ್ ಸದ್ದು ಅಗಲವಾಗಿ ಕೇಳ್ಲಿ ಅಂತ ಎಲ್ಲೋ ವಿಡಿಯೋ ನೋಡಿ ಎಡಗಡೆ ಒಂದು, ಬಲಗಡೆ ಅದೇ ಸದ್ದನ್ನ ತಲೆಕೆಳಗು ಮಾಡಿ ಹಾಕಿದ್ದೆ. ಹೆಡ್‌ಫೋನಲ್ಲಿ ಏನ್ ಅದ್ಭುತ, ತಲೆ ಸುತ್ತ ತಿರುಗ್ತಿದೆ. ಕ್ಲಾಸಲ್ಲಿ ಒಬ್ಬ ಸುಮ್ನಿರಲಾರದೆ ಮೋನೋದಲ್ಲಿ, ಅಂದ್ರೆ ಎಡ ಬಲ ಎರಡನ್ನೂ ಒಂದರಲ್ಲಿ ಸೇರಿಸಿ ಕೇಳಿಸಿ ಅಂದ. ಮೋನೋ ಬಟನ್ ಒತ್ತಿದ ತಕ್ಷಣ ಎಡದ ಅಲೆ ಮೇಲೆ ಹೋದಾಗ ಬಲದ್ದು ಕೆಳಗೆ ಹೋಗಿ ಎರಡೂ ಸೇರಿ ಸೊನ್ನೆ, ಮುಖ್ಯ ರಾಗ ಹಾಡೋ ಸಿಂಥೇ ನಾಪತ್ತೆ, ಡ್ರಮ್ ಒಂದೇ ಡಬಡಬ ಅಂತಿದೆ. ಎಷ್ಟೋ ಚಿಕ್ಕ ಸ್ಪೀಕರುಗಳು, ಸಭಾಂಗಣದ ಮೈಕ್ ಸೆಟ್ಟುಗಳು ಮೋನೋ ಅನ್ನೋದು ನನಗೆ ಗೊತ್ತಿರ್ಲಿಲ್ಲ ಅಂತಲ್ಲ, ಗೊತ್ತಿತ್ತು, ಆದ್ರೆ ನನ್ನ ರೂಮಲ್ಲಿ ನನ್ನ ಹೆಡ್‌ಫೋನಲ್ಲಿ ಒಬ್ಬನೇ ಕೇಳ್ತಾ ಇದ್ದೋನಿಗೆ ಅದು ಯಾಕೆ ನೆನಪಾಗುತ್ತೆ? ಅಪ್ಪ ಅಮ್ಮ ಚೆನ್ನಾಗಿದೆ ಅಂತಾರೆ, ಸ್ನೇಹಿತರು ಬೆಂಕಿ ಅಂತಾರೆ. ಮುಖಕ್ಕೆ ಹೊಡೆದ ಹಾಗೆ, ಹಾಗಂತ ಕೀಳು ಮಾಡದೆ, ಎಲ್ಲಿ ಎಡವಿದೆ ಅಂತ ಬೆರಳಿಟ್ಟು ತೋರ್ಸೋ ಹನ್ನೊಂದು ಜನ ವಾರ ವಾರ ಎಲ್ಲಿ ಸಿಗ್ತಾರೆ.

ಮತ್ತೆ ಕಿವಿ ಅನ್ನೋದು ಎಷ್ಟು ಮೋಸಗಾರ ಅಂತಾನೂ ಅಲ್ಲೇ ಗೊತ್ತಾಗಿದ್ದು. ಮಧ್ಯರಾತ್ರಿ ಜೋರಾಗಿ ಇಟ್ಟು ಮಿಕ್ಸ್ ಮಾಡಿದ್ದು ಬೆಳಿಗ್ಗೆ ಮೆಲ್ಲಗೆ ಕೇಳಿದ್ರೆ ಬಾಸೇ ಇರಲ್ಲ. ಫ್ಲೆಚರ್ ಮತ್ತೆ ಮನ್ಸನ್ ಅನ್ನೋ ಇಬ್ಬರು ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ರು, ಸದ್ದು ಸಣ್ಣದಾದಂಗೆ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಬೇಗ ಕೇಳಿಸದೇ ಹೋಗ್ತವೆ, 2000ದಿಂದ 5000 ಹರ್ಟ್ಜ್ ನಡುವಿನದು ಮಾತ್ರ ಚುರುಕಾಗಿ ಕೇಳುತ್ತೆ ಅಂತ. ಜೋರಾಗಿ ಕೇಳೋದ್ರ ಇನ್ನೊಂದು ಅಪಾಯ ಯಾರೂ ಹೇಳಲ್ಲ. 85 ಡೆಸಿಬಲ್ ಆದ್ರೆ ದಿನಕ್ಕೆ ಎಂಟು ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧ ಆಗ್ತಾ ಹೋಗುತ್ತೆ, 100 ಡೆಸಿಬಲ್ಲಿಗೆ ಬಂದ್ರೆ ಹದಿನೈದೇ ನಿಮಿಷ, ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸು ಇದು. ನಮ್ಮ ಸ್ಟುಡಿಯೋ ಗೋಡೆ ಮೇಲೆ ಈ ಲೆಕ್ಕ ಬರೆದು ಅಂಟಿಸಿದ್ರು, ಪಕ್ಕದಲ್ಲೇ ಡೆಸಿಬಲ್ ಮೀಟರ್. ಇಪ್ಪತ್ತು ವರ್ಷಕ್ಕೇ ಕಿವೀಲಿ ಕುಂಯ್ ಅನ್ನೋದು ಶುರುವಾದವ್ರನ್ನ ನೋಡಿದೀನಿ, ಅದು ಒಮ್ಮೆ ಬಂದ್ರೆ ಹೋಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಈ ಲೈನಿಗೆ ಬರೋ ಮಕ್ಕಳಿಗೆ ಮೊದಲ ದಿನವೇ ಹೇಳ್ಬೇಕಾದ ಪಾಠ ಇದು.

ಎಐ ವಿಷಯ. ಹೌದು ಸರ್, ಕೇಳಿದ್ರೆ ಕೊಡುತ್ತೆ, ನಾನೂ ಬಳಸ್ತೀನಿ, ಸುಳ್ಳು ಹೇಳಲ್ಲ. ಇಪ್ಪತ್ತು ಥರದ ಮಳೆ ಸದ್ದು ಕೇಳಿದ್ರೆ ಇಪ್ಪತ್ತು ಕೊಡುತ್ತೆ. ಆದ್ರೆ ಸಿನಿಮಾದಲ್ಲಿ ಆ ಪಾತ್ರ ಕಿಟಕಿ ಒಳಗೆ ಕೂತಿದೆ, ಮಳೆ ತಗಡಿನ ಮೇಲೆ ಬೀಳ್ತಿದೆಯೋ ಎಲೆ ಮೇಲೆ ಬೀಳ್ತಿದೆಯೋ, ಕಿಟಕಿ ಗಾಜು ಮೇಲಿನ ಸ್ವರಗಳನ್ನ ತಡೆದು ಒಳಗೆ ದಪ್ಪ ಗುಸುಗುಸು ಮಾತ್ರ ಬಿಡುತ್ತೆ ಅಲ್ವಾ, ಅವಳು ಕಿಟಕಿ ತೆಗೆದಾಗ ಏನಾಗ್ಬೇಕು, ಇಷ್ಟೆಲ್ಲ ಯೋಚನೆ ಮಾಡಿ ಇಪ್ಪತ್ತರಲ್ಲಿ ಹತ್ತೊಂಬತ್ತನ್ನ ಬೇಡ ಅನ್ನೋನು ಬೇಕಲ್ಲ. ಬೇಡ ಅನ್ನೋಕೆ ಕಾರಣ ಗೊತ್ತಿರ್ಬೇಕಲ್ಲ. ನೋಡೋರಿಗೆ ಹೆಜ್ಜೆ ಸದ್ದು ಸರಿ ಇದ್ರೆ ಅದು ಇದೆ ಅನ್ನೋದೇ ಗೊತ್ತಾಗಲ್ಲ, ತಪ್ಪಿದ್ರೆ ಮಾತ್ರ ತಕ್ಷಣ ಗೊತ್ತಾಗುತ್ತೆ, ನಮ್ಮ ಕೆಲಸಕ್ಕೆ ಸಿಗೋ ಅತಿ ದೊಡ್ಡ ಹೊಗಳಿಕೆ ಅಂದ್ರೆ ಯಾರೂ ಏನೂ ಹೇಳದೇ ಇರೋದು.

ಕೆಲಸ ಸಿಗುತ್ತಾ ಅಂತ ಅವ್ರು ಕೇಳಿದ್ದಾರೆ, ನ್ಯಾಯವಾದ ಪ್ರಶ್ನೆ. ಹಾಡು ಮಾಡಿ ಹೆಸರು ಮಾಡ್ತೀನಿ ಅಂತ ಹೋದ್ರೆ ಅದು ಲಾಟರಿ, ಡಿಗ್ರಿ ಇದ್ರೂ ಲಾಟರಿನೇ. ಆದ್ರೆ ಸದ್ದು ಬೇಕಾದ ಜಾಗಗಳು ನಾವು ಅನ್ಕೊಂಡಿದ್ದಕ್ಕಿಂತ ಜಾಸ್ತಿ ಇವೆ. ವಿಡಿಯೋ ಗೇಮಲ್ಲಿ ಆಟಗಾರ ಎತ್ತ ತಿರುಗ್ತಾನೋ ಗೊತ್ತಿಲ್ಲದೇ ಇರೋದ್ರಿಂದ ಅಲ್ಲಿ ಸಂಗೀತವನ್ನ ಉದ್ದಕ್ಕೆ ಬರೆಯೋಕೆ ಆಗಲ್ಲ, ತುಂಡು ತುಂಡಾಗಿ ಬರೆದು ಯಾವಾಗ ಯಾವ್ದು ಸೇರ್ಬೇಕು ಅನ್ನೋ ನಿಯಮ ಬರೀಬೇಕು, ವೈಸ್, ಎಫ್‌ಮಾಡ್ ಅಂತ ಅದಕ್ಕೇ ಬೇರೆ ಸಾಫ್ಟ್‌ವೇರಿವೆ, ಅದರ ಹಿಂದಿನ ಯೋಚನೆ ಸಿನಿಮಾದ್ದಕ್ಕಿಂತ ಪೂರ್ತಿ ಬೇರೆ. ಎಲೆಕ್ಟ್ರಿಕ್ ಕಾರಿಗೆ ಸದ್ದೇ ಇಲ್ಲ, ಅದು ಹತ್ತಿರ ಬಂದ್ರೂ ಕಣ್ಣು ಕಾಣದವ್ರಿಗೆ ತಿಳಿಯಲ್ಲ, ಹಾಗಾಗಿ ಯುರೋಪಲ್ಲಿ 2019ರ ಜುಲೈಯಿಂದ ಹೊಸ ಮಾದರಿಗಳಿಗೆ, 2021ರ ಜುಲೈಯಿಂದ ಎಲ್ಲಾ ಹೊಸ ಎಲೆಕ್ಟ್ರಿಕ್ ಕಾರುಗಳಿಗೆ ಗಂಟೆಗೆ 20 ಕಿಲೋಮೀಟರ್‌ವರೆಗಿನ ವೇಗದಲ್ಲಿ ಸದ್ದು ಹೊರಡಿಸೋದು ಕಡ್ಡಾಯ, ವೇಗ ಏರಿದಂಗೆ ಸದ್ದೂ ಬದಲಾಗ್ಬೇಕು. ಆ ಸದ್ದು ಯಾರು ಮಾಡ್ತಾರೆ? ಕೇಳಿದ ತಕ್ಷಣ ಕಾರು ಬಂತು ಅಂತ ತಿಳೀಬೇಕು, ಆದ್ರೆ ದಿನಾ ಸಾವಿರ ಕಾರು ಹೋಗೋ ರಸ್ತೆ ಪಕ್ಕದ ಮನೆಯವ್ರಿಗೆ ತಲೆ ಕೆಡಬಾರ್ದು, ಇದೇನು ಬಟನ್ ಒತ್ತೋ ಕೆಲಸವಾ ಹೇಳಿ. ಮ್ಯೂಸಿಯಂ, ರೇಡಿಯೋ ನಾಟಕ, ಪಾಡ್‌ಕಾಸ್ಟು, ಆಸ್ಪತ್ರೆ ಯಂತ್ರಗಳ ಅಲಾರಂ, ಹೇಳ್ತಾ ಹೋದ್ರೆ ಮುಗಿಯಲ್ಲ. ನನ್ನ ಜೊತೆ ಓದಿದವ್ರಲ್ಲಿ ಒಬ್ಬಳು ಈಗ ಸದ್ದಿನ ಸಹವಾಸವೇ ಬೇಡ ಅಂತ ಬೇರೆ ಕೆಲಸದಲ್ಲಿದ್ದಾಳೆ, ಅದೂ ಹೇಳ್ಬೇಕಲ್ಲ.

ಈಗ ಕೋರ್ಸುಗಳ ಮೇಲಿನ ನನ್ನ ಸಿಟ್ಟು ಸ್ವಲ್ಪ. ಬ್ರೋಷರ್ ತುಂಬಾ ದೊಡ್ಡ ಮಿಕ್ಸಿಂಗ್ ಕನ್ಸೋಲ್ ಫೋಟೋ ಹಾಕಿರ್ತಾರೆ, ಒಳಗೆ ಹೋದ್ರೆ ವಾರಕ್ಕೆ ಎರಡು ಗಂಟೆ, ಅದೂ ಎಂಟು ಜನ ಒಟ್ಟಿಗೆ, ಒಬ್ಬ ಮುಟ್ಟಿದ್ರೆ ಏಳು ಜನ ನೋಡೋದು. ಸಿಲಬಸ್ಸಲ್ಲಿ ಸಾಫ್ಟ್‌ವೇರ್ ಹೆಸರು, ವರ್ಷನ್ ನಂಬರ್ ಸಮೇತ ಇದ್ರೆ ಅಲ್ಲಿಂದ ಓಡಿ. ರಿವರ್ಬ್ ಎಂದರೇನು, ಐದು ಅಂಕಗಳು ಅಂತ ಪ್ರಶ್ನೆ ಪತ್ರಿಕೆ ಇರೋ ಕಡೆ ಸೇರೋಕೆ ಮುಂಚೆ ಇನ್ನೊಂದ್ಸಲ ಯೋಚನೆ ಮಾಡಿ, ಗೋಡೆಗೆ ಬಡಿದು ಸದ್ದು ಕೊಂಚ ಹೊತ್ತು ಉಳಿಯೋ ಈ ರಿವರ್ಬ್ ಏನು ಅಂತ ತಿಳೀಬೇಕಾದ್ರೆ ಮೆಟ್ಟಿಲ ಕೆಳಗೆ ನಿಂತು ಚಪ್ಪಾಳೆ ತಟ್ಟಿ, ಆಮೇಲೆ ಬಟ್ಟೆ ತುಂಬಿದ ಬೀರು ಒಳಗೆ ತಲೆ ಹಾಕಿ ತಟ್ಟಿ, ಉತ್ತರ ಅಲ್ಲೇ ಇದೆ. ಸ್ಟಾಫ್ ನೊಟೇಷನ್, ಅಂದ್ರೆ ಐದು ಗೆರೆ ಮೇಲೆ ಬರೆಯೋ ಪಾಶ್ಚಾತ್ಯ ಸ್ವರಲಿಪಿ ಓದೋಕೆ ಬರದಿದ್ರೆ ಅಡ್ಮಿಷನ್ ಇಲ್ಲ ಅನ್ನೋ ನಿಯಮ ಕೆಲವು ಕಡೆ ಇನ್ನೂ ಇದೆ, ಲ್ಯಾಪ್‌ಟಾಪಲ್ಲೇ ಸಂಗೀತ ಕಂಡ್ಕೊಂಡ ಮಕ್ಕಳನ್ನ ಅದು ಬಾಗಿಲಲ್ಲೇ ನಿಲ್ಲಿಸುತ್ತೆ.

ಚರಿತ್ರೆ ಪಾಠದ ಮೇಲೂ ತಕರಾರಿದೆ. ನಮಗೆ ಪ್ಯಾರಿಸ್ ಆಯ್ತು, ಜರ್ಮನಿಯ ಕೊಲೋನ್ ಆಯ್ತು, 1957ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಕೇಂದ್ರದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಕಂಪ್ಯೂಟರ್ ಕೈಲಿ ಹದಿನೇಳು ಸೆಕೆಂಡಿನ ಸಂಗೀತ ಹೊರಡಿಸಿದ್ದು ಆಯ್ತು, ಎಲ್ಲಾ ಗಂಡಸರ ಸಾಲು. 1958ರಲ್ಲಿ ರೇಡಿಯೋ, ಟಿವಿ ಕಾರ್ಯಕ್ರಮಗಳಿಗೆ ಸದ್ದು ಮಾಡಿಕೊಡೋ ಬಿಬಿಸಿ ರೇಡಿಯೋಫೋನಿಕ್ ವರ್ಕ್‌ಶಾಪ್ ಶುರು ಮಾಡಿದವ್ರಲ್ಲಿ ಡ್ಯಾಫ್ನಿ ಓರಮ್ ಇದ್ರು, ಆಮೇಲೆ ಅಲ್ಲಿಗೆ ಗಣಿತ, ಸಂಗೀತ ಎರಡೂ ಓದಿದ್ದ ಡೀಲಿಯಾ ಡರ್ಬಿಶೈರ್ ಬಂದ್ರು, ಸಿಂಥಸೈಜರ್ ಕೈಗೆ ಸಿಗೋಕೂ ಮೊದಲು ಒಂದೊಂದು ಸ್ವರವನ್ನೂ ಟೇಪಿಗೆ ಇಳಿಸಿ ಬ್ಲೇಡಲ್ಲಿ ಕತ್ತರಿಸಿ ಅಂಟಿಸಿ ಸಂಗೀತ ಕಟ್ತಿದ್ರು, ಇವರಿಬ್ಬರ ಹೆಸರು ನಮ್ಮ ಪಾಠದಲ್ಲಿ ಒಂದು ಸ್ಲೈಡಿನ ಕೊನೇ ಸಾಲು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೇಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಮೂಗ್ ಅನ್ನೋ ಕಂಪನಿಯ ಸಿಂಥಸೈಜರ್ ಇಟ್ಟು ಸ್ಟುಡಿಯೋ ಮಾಡಿದ್ದು, ಅಲ್ಲಿ ಸಂಗೀತಗಾರ್ತಿ ಗೀತಾ ಸಾರಾಭಾಯಿ ಕೂಡ ಕೆಲಸ ಮಾಡಿದ್ದು, ಆ ಟೇಪುಗಳು ಎಷ್ಟೋ ದಶಕ ಯಾರ ಕಿವಿಗೂ ಬೀಳದೇ ಉಳಿದು ಈಚೆಗೆ ಹೊರಗೆ ಬಂದಿದ್ದು, ಇದಂತೂ ನಮ್ಮ ಸಿಲಬಸ್ಸಲ್ಲೇ ಇರ್ಲಿಲ್ಲ, ಡಿಗ್ರಿ ಮುಗಿದ ಮೇಲೆ ನಾನೇ ಓದಿ ತಿಳ್ಕೊಂಡಿದ್ದು.

ಹಾಗಾಗಿ ಆ ತಂದೆಯವ್ರಿಗೆ ನನ್ನ ಕೋರಿಕೆ ಇಷ್ಟು. ಮಗಳ ಜೊತೆ ನೀವೂ ಆ ಡಿಪಾರ್ಟ್‌ಮೆಂಟಿಗೆ ಒಂದ್ಸಲ ಹೋಗಿ. ಸ್ಟುಡಿಯೋ ತೋರ್ಸಿ ಅಂತ ಕೇಳ್ಬೇಡಿ, ಎಲ್ಲರೂ ತೋರಿಸ್ತಾರೆ. ವಾರದಲ್ಲಿ ಎಷ್ಟು ಹೊತ್ತು ಮಕ್ಕಳು ಒಬ್ಬರದನ್ನ ಒಬ್ರು ಕೂತು ಕೇಳ್ತಾರೆ ಅಂತ ಕೇಳಿ. ರಾತ್ರಿ ಸ್ಟುಡಿಯೋ ಬೀಗದ ಕೈ ಯಾರ ಹತ್ರ ಇರುತ್ತೆ ಕೇಳಿ. ರೆಕಾರ್ಡರ್ ಹಿಡ್ಕೊಂಡು ಹೊರಗೆ ಕಳಿಸ್ತೀರಾ, ಪಾಠ ಮಾಡೋರು ತಾವು ಈಚೆಗೆ ಏನು ಮಾಡಿದಾರೆ, ಅದನ್ನ ಕೇಳಿಸ್ತಾರಾ ಅಂತ ಕೇಳಿ, ಆ ಕೊನೇ ಪ್ರಶ್ನೆಗೆ ಮುಖ ನೋಡಿದ್ರೇ ಗೊತ್ತಾಗುತ್ತೆ. ಇನ್ನು ಮಗಳು ಮನೇಲಿ ಏನಾದ್ರೂ ಮಾಡಿದ್ರೆ ಫೋನ್ ಸ್ಪೀಕರಲ್ಲಿ ಹತ್ತು ಸೆಕೆಂಡ್ ಕೇಳಿ ಚೆನ್ನಾಗಿದೆ ಅನ್ಬೇಡಿ, ಅವಳ ಹೆಡ್‌ಫೋನ್ ಇಸ್ಕೊಂಡು ಕೊನೇವರೆಗೆ ಕೇಳಿ, ಎಲ್ಲಿ ಬೇಜಾರಾಯ್ತು ಅಂತ ನಿಜ ಹೇಳಿ. ಅವಳು ಎರಡು ದಿನ ಮಾತು ಬಿಡಬಹುದು, ಮೂರನೇ ದಿನ ಆ ಜಾಗ ಸರಿ ಮಾಡ್ಕೊಂಡು ಬಂದು ಮತ್ತೆ ಕೇಳಿಸಿದ್ರೆ ಫೀಸ್ ಕಟ್ಟಿ.

ಕೊನೇದಾಗಿ ಸಂಪಾದಕರಿಗೆ ಎರಡು ತಿದ್ದುಪಡಿ. ಆ ಪತ್ರಕ್ಕೆ ನೀವು "ಡಿಜೆ ಆಗಲು ಡಿಗ್ರಿ ಬೇಕೆ?" ಅಂತ ಹೆಡ್ಡಿಂಗ್ ಹಾಕಿದ್ರಿ. ಡಿಜೆ ಕೆಲಸ ಬೇರೆ, ಅದು ಅದರದ್ದೇ ಆದ ಕಸುಬು, ಅದನ್ನ ಕೀಳು ಮಾಡ್ತಿಲ್ಲ, ಆದ್ರೆ ಆ ಹುಡುಗಿ ಕೇಳ್ತಿರೋದು ಅದನ್ನಲ್ಲ. ಎರಡನೇದು, ಪತ್ರದ ಪಕ್ಕ ಬಣ್ಣ ಬಣ್ಣದ ಗುಂಡಿಗಳ ಫೋಟೋ ಹಾಕಿ ಕೆಳಗೆ "ಸೌಂಡ್ ಮಿಕ್ಸರ್" ಅಂತ ಬರೆದಿದ್ರಿ. ಅದು ಸ್ಟೇಜ್ ಲೈಟಿಂಗ್ ಕಂಟ್ರೋಲ್ ಮಾಡೋ ಕನ್ಸೋಲು. ಅದರಿಂದ ಒಂದು ಚೂರೂ ಸದ್ದು ಬರಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ